ಸ್ಟೀರಾಯ್ಡ್ ಬಿಡಿಸುವ ದಾರಿಯನ್ನೂ ಬರೆದುಕೊಡಲಿ

ಕರುಳಿನ ಉರಿಯೂತದ ಕಾಯಿಲೆ ಇರುವವರ ಆರೈಕೆ ಸುಧಾರಿಸಲು ವೈದ್ಯರ ಸಂಘ ಹೊರಟಿದೆ ಅಂತ ಓದಿ ನಿಜಕ್ಕೂ ಖುಷಿಯಾಯಿತು. ನನ್ನ ತಂಗಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು. ಎಲ್ಲಿಗೆ ಹೋದರೂ ಅವಳ ಕಣ್ಣು ಮೊದಲು ಹುಡುಕುವುದು ಶೌಚಾಲಯದ ಬೋರ್ಡನ್ನು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಯಾವಾಗಲೂ ಇರುತ್ತದೆ.

ಸಂಘ ಮೊದಲು ಸ್ಟೀರಾಯ್ಡ್ ವಿಚಾರಕ್ಕೆ ಕೈ ಹಾಕಲಿ. ಕಾಯಿಲೆ ಜಾಸ್ತಿಯಾದಾಗ ಸ್ಟೀರಾಯ್ಡ್ ಉರಿಯೂತವನ್ನು ಬೇಗ ತಗ್ಗಿಸುತ್ತದೆ, ನಿಜ. ಆದರೆ ವರ್ಷಗಟ್ಟಲೆ ನುಂಗುವ ಮಾತ್ರೆ ಅಲ್ಲ ಅದು. ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಮುಖ ಊದಿಕೊಳ್ಳುತ್ತದೆ. ಹಾಗಂತ ರೋಗಿ ತಾನಾಗಿಯೇ ಥಟ್ಟನೆ ನಿಲ್ಲಿಸುವಂತೆಯೂ ಇಲ್ಲ. ಯಾವ ವಾರ ಎಷ್ಟು ಕಡಿಮೆ ಮಾಡಬೇಕು, ಆಮೇಲೆ ಯಾವ ಔಷಧಿ ಅಂತ ಚೀಟಿಯಲ್ಲೇ ಬರೆದುಕೊಡಬೇಕು, ಅಲ್ವಾ? ತಂಗಿಗೆ ಮೊದಲ ಸಲ ಯಾರೂ ಹಾಗೆ ಬರೆದುಕೊಡಲಿಲ್ಲ.

ಇನ್ನೊಂದು ಮಾತು. ಹೊಟ್ಟೆನೋವು ನಿಂತ ಮಾತ್ರಕ್ಕೆ ಕರುಳು ವಾಸಿಯಾಯಿತು ಅಂತಲ್ಲ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಒಳಗಿನ ಉರಿಯೂತದ ಸುಳಿವು ಕೊಡುತ್ತದೆ. ದೊಡ್ಡ ಕರುಳಿನಲ್ಲಿ ಕಾಯಿಲೆ ಹರಡಿದ್ದರೆ, ಶುರುವಾಗಿ ಸುಮಾರು 8 ವರ್ಷಕ್ಕೆ ಕ್ಯಾನ್ಸರ್ ಇದೆಯಾ ಅಂತ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿ ನೋಡಬೇಕು. ಅಷ್ಟು ವರ್ಷದ ಲೆಕ್ಕ ರೋಗಿ ಒಬ್ಬನೇ ಇಟ್ಟುಕೊಳ್ಳುವುದು ಕಷ್ಟ. ಫೋನ್ ಮಾಡಿ ನೆನಪಿಸುವ ಏರ್ಪಾಟು ಪ್ರತಿ ಆಸ್ಪತ್ರೆಯಲ್ಲೂ ಇರುವಂತೆ ಸಂಘ ನೋಡಿಕೊಳ್ಳಲಿ.