ನಾನೂ ದಂಡಿಗೆ ಹೋಗಿದ್ದೆ

ಕೊಡಗಿನಲ್ಲಿ ಹುಟ್ಟಿ ಮಿಲಿಟರಿಗೆ ಹೋಗದ ಗಂಡಸಿನ ಪಾಡು ಯಾರಿಗೂ ಬೇಡ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ಮಣ್ಣು ನೋಡಿ. ಮದುವೆ ಮನೆಯಲ್ಲಿ ಪಕ್ಕ ಕೂತವರು ಮೊದಲು ಕೇಳುವುದೇ ‘ಯಾವ ರೆಜಿಮೆಂಟು?’ ಅಂತ. ‘ಎರಡೆಕರೆ ರೊಬಸ್ಟಾ ಕಾಫಿ’ ಎಂದರೆ ಎಲೆಯ ಮೇಲಿನ ಪಂದಿಕರಿಯ (ಹಂದಿ ಸಾರಿನ) ಕಡೆ ತಿರುಗಿಬಿಡುತ್ತಾರೆ.

ಅದಕ್ಕೇ ಈ ಜೂನ್‌ನಲ್ಲಿ ನಮ್ಮ ಸಿದ್ದಾಪುರದ ಕಡೆ ಕಾಡಾನೆ ಓಡಿಸಲು ದಂಡು ಹೊರಟಾಗ ನಾನೂ ಹಿಂದೆ ಬಿದ್ದೆ. ಅರಣ್ಯ ಇಲಾಖೆಯವರು ಹಿಂದಿನ ದಿನವೇ ಮೈಕಿನಲ್ಲಿ ಕೂಗಿಸಿದ್ದರು, ತೋಟದ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯವರು ಯಾರೂ ಹೊರಗೆ ಬರಬಾರದು ಅಂತ. ಅದನ್ನು ಕೇಳಿ ಊರಿಗೆ ಊರೇ ಹೊರಗೆ ಬಂದಿತ್ತು.

ಶತ್ರು ಪಡೆ ಎಂದರೆ ಎರಡು ಹೆಣ್ಣಾನೆ, ಒಂದು ಮರಿ. ನಮ್ಮ ಕಡೆ ಓಡಿಸುವವರು 14 ಮಂದಿ. ಓಡಿಸುವುದನ್ನು ನೋಡುವವರು 40. ನೋಡುವವರನ್ನು ಮೊಬೈಲಿನಲ್ಲಿ ಹಿಡಿಯುವವರನ್ನು ನಾನು ಎಣಿಸಲಿಲ್ಲ, ಯಾಕೆಂದರೆ ನಾನೂ ಅವರಲ್ಲೊಬ್ಬ. ಪಕ್ಕದ ಮನೆಯ ಸುಬೇದಾರ್ ಮಾವ, ಯಾರೂ ಕೇಳದಿದ್ದರೂ, ದಂಡನಾಯಕರಾದರು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಹೂವಿಟ್ಟು ಪೂಜಿಸುವ ಅವರ ಕೋವಿ ಮನೆಯ ಗೋಡೆಯಲ್ಲೇ ಉಳಿಯಿತು. ಕೊಡವರ ಕೋವಿಗೆ ಲೈಸೆನ್ಸ್ ಬೇಡ, ನಿಜ. ಆದರೆ ಆನೆಗೆ ಗುರಿಯಿಟ್ಟರೆ ಜೈಲು. ಹಾಗಾಗಿ ಆಯುಧ ಎಂದರೆ ಪಟಾಕಿ.

ಹಳೇ ಕಾಲದ ದಂಡಿನಲ್ಲೂ ಕಾದುವವರಿಗಿಂತ ಬಾಲ ಹಿಡಿದವರೇ ಜಾಸ್ತಿ. 1791ರಲ್ಲಿ ಇಂಗ್ಲಿಷರ ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ದಂಡು ಟಿಪ್ಪುವಿನ ಮೇಲೆ ಹೊರಟು ಇದೇ ಕೊಡಗಿನ ಮೂಲಕ ಪಿರಿಯಾಪಟ್ಟಣಕ್ಕೆ ಹೋಗಿತ್ತು. ಬೆಂಗಳೂರಿನ ಕಡೆಯಿಂದ ಬಂದ ಅವರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಎತ್ತುಗಳು ಸತ್ತವು, ದವಸ ಮುಗಿಯಿತು. ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಶ್ರೀರಂಗಪಟ್ಟಣದ ಹತ್ತಿರದಿಂದ ವಾಪಸು ನಡೆದ. ದಾರಿಯಲ್ಲಿ ಮರಾಠರ ದಂಡು ದವಸದೊಂದಿಗೆ ಎದುರಾದ ಮೇಲೆಯೇ ಆ ದಂಡಿಗೆ ಜೀವ ಬಂದದ್ದು. ನಮ್ಮದೂ ಅದೇ ಕಥೆ. ಉಪ್ಪಿಟ್ಟು ತರುತ್ತಿದ್ದ ಪಿಕಪ್ ಕೆಸರಿನಲ್ಲಿ ಹೂತಿತು. ಹತ್ತು ಗಂಟೆಯ ಹೊತ್ತಿಗೆ ಅರ್ಧ ಸೈನ್ಯ ಹಿಮ್ಮೆಟ್ಟಿತು.

ಉಳಿದವರು ನನ್ನ ತೋಟದ ಹಲಸಿನ ಮರದ ಹತ್ತಿರ ಶತ್ರುವನ್ನು ಕಂಡೆವು. ದೊಡ್ಡ ಹೆಣ್ಣಾನೆ ಒಂದು ಹಣ್ಣನ್ನು ಕೆಳಗಿಟ್ಟು, ಮುಂಗಾಲಿನಿಂದ ಮೆಲ್ಲಗೆ ಒತ್ತಿತು. ಹಣ್ಣು ಬಿರಿಯಿತು. ಒಂದು ತುಂಡು ಮರಿಯ ಕಡೆ ತಳ್ಳಿತು. ಅಷ್ಟರಲ್ಲಿ ನಮ್ಮವರು ಪಟಾಕಿ ಹಚ್ಚಿದರು. ಢಂ! ಆನೆ ಒಂದು ಸಲ ಕಿವಿ ಬೀಸಿತು, ಅಷ್ಟೇ. ನಾನು ಮಾತ್ರ ಸಿಲ್ವರ್ ಓಕ್ ಮರದ ಹಿಂದೆ ಇದ್ದೆ. ಹೇಗೆ ಹೋದೆ ಅಂತ ಈಗಲೂ ಗೊತ್ತಿಲ್ಲ.

‘ಇದನ್ನೇ ಹೇಳಿದ್ದು ನಾನು, ಸಿವಿಲಿಯನ್‌ಗಳನ್ನು ಕರ್ಕೊಂಡು ಬರಬಾರದು’ ಎಂದರು ಸುಬೇದಾರ್ ಮಾವ. ಅವರು ನನಗಿಂತ ಎರಡು ಮರ ಹಿಂದಿದ್ದರು.

ಹಣ್ಣು ಪೂರ್ತಿ ತಿಂದು ಮುಗಿಸಿದ ಮೇಲೆ ಆನೆಗಳು ತಾವಾಗಿಯೇ ಎದ್ದು ಹೊರಟವು. ರಸ್ತೆ ದಾಟಿದವು. ಎದುರಿನ ತೋಟದ ಬೇಲಿಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದವು. ನಮ್ಮ ಕಡೆ ಜೈಕಾರ, ಗ್ರೂಪ್ ಫೋಟೊ. ‘ಕಾರ್ಯಾಚರಣೆ ಯಶಸ್ವಿ’ ಅಂತ ಪುಸ್ತಕದಲ್ಲಿ ಬರೆದುಕೊಂಡರು. ಕಾಡು ಇರುವುದು ಆ ದಿಕ್ಕಿನಲ್ಲಲ್ಲ, ಆದರೆ ಜಯ ಜಯವೇ ಅಲ್ವಾ?

ಸಂಜೆ ತೋಟ ಸುತ್ತಿ ಲೆಕ್ಕ ಹಾಕಿದೆ. ಆನೆ ಮುರಿದದ್ದು 7 ಗಿಡ. ದಂಡು ತುಳಿದದ್ದು 31. ಪರಿಹಾರಕ್ಕೆ ಅರ್ಜಿ ತುಂಬಲು ಕೂತರೆ, ಮನುಷ್ಯರು ತುಳಿದ ಗಿಡಕ್ಕೆ ಕಾಲಮ್ಮೇ ಇಲ್ಲ.

ಅಷ್ಟರಲ್ಲಿ ಎದುರು ತೋಟದವರ ಫೋನು ಬಂತು. ‘ನಾಳೆ ಬೆಳಗ್ಗೆ ನಮ್ಮ ಕಡೆಯಿಂದ ಓಡಿಸ್ತಾರಂತೆ. ನಿಮ್ಮ ಲೈನ್ ಮನೆಯವರಿಗೆ ಹೊರಗೆ ಬರಬೇಡಿ ಅಂತ ಹೇಳಿಬಿಡಿ. ಮತ್ತೆ, ಆ ಬದಿಯ ಗೇಟು ಸುಮ್ನೆ ತೆಗೆದಿಟ್ಟುಬಿಡಿ, ಮುರಿಯೋದು ತಪ್ಪುತ್ತೆ.’