ಗಾಡಿ ನಿಲ್ಲುವ ಮೊದಲೇ

ಕಾಸರಗೋಡಿನಲ್ಲಿ ರೈಲು ಹತ್ತುವವರಿಗೆ ನಿಮಿಷದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಮುಂಬೈಗೆ ಹೋಗುವ ನೇತ್ರಾವತಿಯೋ ದಿಲ್ಲಿಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ಸೋ ಬಂದು ನಿಂತಿತು ಎನ್ನುವಷ್ಟರಲ್ಲಿ ಪೆಟ್ಟಿಗೆ, ಅಜ್ಜಿ, ಹಲಸಿನ ಹಪ್ಪಳದ ಡಬ್ಬಿ ಎಲ್ಲ ಒಳಗಾಗಿರಬೇಕು. ಅಲ್ಲಿ ಅಷ್ಟು ಚುರುಕಾಗಿದ್ದವರೇ ಗಾಡಿ ಹೆಚ್ಚು ಹೊತ್ತು ನಿಲ್ಲುವ ಗೋವಾದ ಮಡಗಾಂವಿನಲ್ಲಿ ಚಹಾದಂಗಡಿಯ ಮುಂದೆ ಚಿಲ್ಲರೆ ಹುಡುಕುತ್ತಾ ಮೈಮರೆಯುತ್ತಾರೆ.

ವೇಳಾಪಟ್ಟಿಯಲ್ಲಿ ನಿಲುಗಡೆ ಹತ್ತು ನಿಮಿಷ ಎಂದಿದ್ದರೆ ಅದು ಹೊತ್ತಿಗೆ ಸರಿಯಾಗಿ ಬಂದ ಗಾಡಿಯ ಹತ್ತು ನಿಮಿಷ. ತಡವಾಗಿ ಬಂದದ್ದು ಐದೇ ನಿಮಿಷಕ್ಕೆ ಹೊರಟರೂ ಕೇಳುವವರಿಲ್ಲ. ಬೇಗ ಬಂದ ಗಾಡಿಯ ಕತೆಯೇ ಬೇರೆ: ಹೊರಡುವ ವೇಳೆಗೆ ಮುಂಚೆ ಅದು ಕದಲುವಂತಿಲ್ಲ. ದೊಡ್ಡ ಜಂಕ್ಷನ್ನಿನ ಮುಂಚೆ, ಒಂದು ರೈಲ್ವೆ ವಲಯ ಮುಗಿದು ಇನ್ನೊಂದು ಶುರುವಾಗುವ ಕಡೆ, ಪಟ್ಟಿಯಲ್ಲೇ ಒಂದಿಷ್ಟು ಹೆಚ್ಚುವರಿ ಹೊತ್ತು ಇಟ್ಟಿರುತ್ತಾರೆ, ಗಾಡಿ ಬೇಗ ಬಂದು ಹೆಚ್ಚು ನಿಲ್ಲುವ ಲಾಭವೇನಿದ್ದರೂ ಅಂಥಲ್ಲಿ. ಆದ್ದರಿಂದ ನೆನಪಿಡಬೇಕಾದದ್ದು ಹೊರಡುವ ವೇಳೆ ಮಾತ್ರ. ಅದೂ ಮಳೆಗಾಲದಲ್ಲಿ ಕೊಂಕಣ ರೈಲ್ವೆಯವರು ವೇಗ ಇಳಿಸಿ ಬೇರೆಯೇ ಪಟ್ಟಿ ಮಾಡುತ್ತಾರೆ, ಮೇ ತಿಂಗಳ ಬಾಯಿಪಾಠ ಜುಲೈಗೆ ನಡೆಯದು.

ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಯೊಂದರ ಉದ್ದ ಸುಮಾರು 24 ಮೀಟರ್. ಜನರ ನಡುವೆ ನುಸುಳಿ ನಡೆದರೆ ನಿಮಿಷಕ್ಕೆ ಎರಡೋ ಮೂರೋ ಬೋಗಿ ದಾಟಿದರೆ ಹೆಚ್ಚು. ನಾಲ್ಕು ಬೋಗಿ ಆಚೆಗಿನ ನಲ್ಲಿಗೆ ಹೋಗಿಬರಲು ಮೂರ್ನಾಲ್ಕು ನಿಮಿಷ ಹೋಯಿತು, ಅಲ್ಲಿನ ಸರತಿ ಬೇರೆ. ಹಾಗಾಗಿ ಗಾಡಿ ನಿಧಾನವಾಗುತ್ತಿದ್ದಂತೆ ಬಾಗಿಲ ಪಕ್ಕದ ಕಿಟಕಿಯಲ್ಲಿ ಕಣ್ಣಿಟ್ಟು, ನಲ್ಲಿ ಯಾವ ಕಡೆ ಉಳಿಯಿತು, ಅಂಗಡಿ ಯಾವ ಕಡೆ ಉಳಿಯಿತು ಎಂದು ಗುರುತು ಹಿಡಿಯಬೇಕು. ಬಾಟಲಿ ಅಗಲ ಬಾಯಿಯದ್ದಿರಲಿ. ಸಪೂರ ಬಾಯಿಯದ್ದಾದರೆ ಪ್ಲಾಟ್‌ಫಾರ್ಮಿನ ಜೋರು ನಲ್ಲಿ ಅರ್ಧ ನೀರನ್ನು ಅಂಗಿಗೇ ಹಾಕುತ್ತದೆ. ಹತ್ತಿಪ್ಪತ್ತರ ನೋಟು ಜೇಬಿನಲ್ಲಿರಲಿ. ಫೋನಿನಲ್ಲಿ ಹಣ ಕಳಿಸಿ ಚಕ್ರ ತಿರುಗುವುದನ್ನು ನೋಡುತ್ತಾ ನಿಲ್ಲುವ ಜಾಗ ಅದಲ್ಲ. ಮೊದಲು ನೀರು, ಆಮೇಲೆ ತಿಂಡಿ. ಚಹಾಕ್ಕಾಗಿ ಇಳಿಯುವುದೇ ದಂಡ, ಅದು ಹೇಗೂ ಒಳಗೇ ಕೂಗಿಕೊಂಡು ಬರುತ್ತದೆ. ವಡೆ ಕೊಳ್ಳುವವರು ತಟ್ಟೆಯ ರಾಶಿ ನೋಡಬೇಡಿ, ಬಾಣಲೆಯಲ್ಲಿ ಎಣ್ಣೆ ಕಾದಿದೆಯೇ ನೋಡಿ.

ಇಷ್ಟರ ನಡುವೆಯೂ ಒಂದು ಕಣ್ಣು ಇಂಜಿನ್ನಿನ ದಿಕ್ಕಿನ ಸಿಗ್ನಲ್ ಮೇಲೆ. ಕೆಂಪು ಹೋಗಿ ಹಳದಿಯೋ ಹಸಿರೋ ಬಂದರೆ ಮಾತುಕತೆ ಮುಗಿಯಿತು. ಹಿಂದಿನಿಂದ ಗಾರ್ಡ್ (2022ರಿಂದ ಇವರ ಹುದ್ದೆಯ ಹೆಸರು ಟ್ರೇನ್ ಮ್ಯಾನೇಜರ್, ಬಾವುಟ ಮಾತ್ರ ಅದೇ) ಒಪ್ಪಿಗೆ ಕೊಟ್ಟೊಡನೆ ವಿದ್ಯುತ್ ಇಂಜಿನ್ ಗದ್ದಲವಿಲ್ಲದೆ ಎಳೆದುಬಿಡುತ್ತದೆ. ಅದಕ್ಕೇ, ಸಿಗ್ನಲ್ ಬಿದ್ದದ್ದು ಕಂಡಾಗಲೇ ಹತ್ತಿರದ ಬಾಗಿಲಿಗೆ ಹತ್ತಿಕೊಂಡು ಆಮೇಲೆ ಒಳಗಿಂದಲೇ ನಡೆದು ಬನ್ನಿ. ಸೀಟು ಕಾಯ್ದಿರಿಸದ ಸಾಮಾನ್ಯ (ಜನರಲ್) ಬೋಗಿಯಾದರೆ ಒಳಗಿಂದ ದಾರಿ ಸಿಗುವ ಖಾತ್ರಿಯಿಲ್ಲ, ಮುಂದಿನ ನಿಲ್ದಾಣದವರೆಗೆ ಅಲ್ಲೇ. ಚಲಿಸುವ ಗಾಡಿಯ ಹಿಂದೆ ಮಾತ್ರ ಓಡಬೇಡಿ.

ಕೊಂಕಣದ ಹಳಿ ಬಹುಪಾಲು ಒಂಟಿ. ಪಟ್ಟಿಯಲ್ಲಿ ಇಲ್ಲದ ಕಡೆ ಗಾಡಿ ನಿಂತರೆ ಎದುರಿನದಕ್ಕೆ ದಾರಿ ಬಿಡಲು ಎಂದುಕೊಳ್ಳಿ. ಅದು ಹಾದುಹೋದ ಬೆನ್ನಿಗೇ ನಮ್ಮದು ಹೊರಡುತ್ತದೆ, ಇಳಿಯುವ ಯೋಚನೆ ಬೇಡ.

ಇನ್ನು ಬುತ್ತಿ. ಉಡುಪಿಯಲ್ಲೋ ಮಂಗಳೂರಿನಲ್ಲೋ ಅಕ್ಕನ ಮನೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ನಿಲುಗಡೆಯಿಲ್ಲ. ಆದರೆ ಮಂಗಳೂರು ಎಂದಷ್ಟೇ ಹೇಳಿದರೆ ಪಾಪ ಭಾವ ಸೆಂಟ್ರಲ್ ನಿಲ್ದಾಣದಲ್ಲಿ ಕಾಯುತ್ತಿರುತ್ತಾನೆ, ಗಾಡಿ ಊರಿನ ಇನ್ನೊಂದು ನಿಲ್ದಾಣವಾದ ಜಂಕ್ಷನ್‌ನಲ್ಲಿ ನಿಂತಿರುತ್ತದೆ. "ಭಾವಾ, ಜಂಕ್ಷನ್. ಎಸ್ 4, ಇಂಜಿನ್ನಿನಿಂದ ಎಂಟನೆಯದು" ಎಂದು ಬಿಡಿಸಿ ಹೇಳಬೇಕು. ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆ ನಡೆಯುತ್ತದೆ, ಗಾಡಿ ತಡವೆಂದು ಗೊತ್ತಿದ್ದರೆ ಅದನ್ನೂ ತಡವಾಗಿಯೇ ತೆಗೆಯಲಿ. ಏಸಿ ಬೋಗಿಯ ಕಿಟಕಿ ತೆರೆಯದು, ಬುತ್ತಿ ಬಾಗಿಲಲ್ಲೇ ಕೈ ಬದಲಾಗಬೇಕು. ಸ್ಲೀಪರ್ ಆದರೆ ಸರಳಿನ ನಡುವೆ ತೂರಿಸಬಹುದು, ಆದರೆ ಬಾಡಿಸಿದ ಬಾಳೆಲೆಯಲ್ಲಿ ಚಪ್ಪಟೆಯಾಗಿ ಕಟ್ಟಿದ್ದನ್ನು ಮಾತ್ರ. ಸ್ಟೀಲಿನ ಕ್ಯಾರಿಯರ್ ತೂರುವುದಿಲ್ಲ. ಬಾಗಿಲಲ್ಲಿ ತೆಗೆದುಕೊಂಡರೂ ಖಾಲಿ ಕ್ಯಾರಿಯರನ್ನು ದಿಲ್ಲಿವರೆಗೆ ಹೊತ್ತು ಮತ್ತೆ ಹಿಂದೆ ತರಬೇಕು. ತಾರದಿದ್ದರೆ ಮುಂದಿನ ಮದುವೆಮನೆಯಲ್ಲಿ ಅಕ್ಕ ಕೇಳುವ ಮೊದಲ ಮಾತೇ ಅದು.