ಎಂಟು ವರ್ಷದವನ ಕೈಗೆ ಕಾಸು ಕೊಟ್ಟವರು

ಹೋದ ವಾರ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಜೇಬಿನಲ್ಲಿ ಜೋಡಿ ಪೊಟ್ಟಣ ಸಿಕ್ಕಿತು. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಎರಡನ್ನೂ ಬೇರೆ ಬೇರೆ ಮಾರುತ್ತಾರೆ, ಕೊಂಡವರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ.

ತಂದೆಯನ್ನು ಕರೆಸಿದೆವು. ಅವರು ಮಗನ ಮುಖವನ್ನೂ ನೋಡದೆ, "ಎಲ್ಲಾ ಸಹವಾಸದೋಷ ಮೇಷ್ಟ್ರೇ" ಎಂದರು. ನಾನು ತಲೆಯಾಡಿಸಿದೆ. ಇಪ್ಪತ್ತು ವರ್ಷಗಳಿಂದ ಈ ಮಾತಿಗೆ ತಲೆಯಾಡಿಸುತ್ತಲೇ ಬಂದಿದ್ದೇನೆ. ಆಮೇಲೆ ಹುಡುಗ ಒಬ್ಬನೇ ಇದ್ದಾಗ, ಮೊದಲು ಬಾಯಿಗೆ ಹಾಕಿದ್ದು ಯಾವಾಗ ಎಂದು ಕೇಳಿದೆ. "ಮೂರನೇ ಕ್ಲಾಸಿನಲ್ಲಿ ಸರ್. ಅಜ್ಜಿಗೆ ಕಡ್ಡಿಪುಡಿ ತರುವಾಗ ದಾರಿಯಲ್ಲಿ ಒಂದು ಚಿಟಿಕೆ ತೆಗೆದುಕೊಳ್ಳುತ್ತಿದ್ದೆ."

ಮೂರನೇ ಕ್ಲಾಸೆಂದರೆ ಎಂಟು ವರ್ಷ. ಆ ವಯಸ್ಸಿನಲ್ಲಿ ಅವನಿಗಿದ್ದ ಸಹವಾಸ ಮನೆಯವರದು.

ಅವನೊಬ್ಬನ ಕಥೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ ನಮ್ಮ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳನ್ನು ಮಾತನಾಡಿಸಿದ್ದರು. ಹೊಗೆರಹಿತ ತಂಬಾಕು ಬಳಸಿದ ಮಕ್ಕಳಲ್ಲಿ ಶೇ 52ರಷ್ಟು, ಬೀಡಿ ಸೇದಿದವರಲ್ಲಿ ಶೇ 47ರಷ್ಟು ಮಂದಿ ಹತ್ತು ವರ್ಷ ತುಂಬುವ ಮೊದಲೇ ಶುರು ಮಾಡಿದ್ದರು. ಗೆಳೆಯರ ಒತ್ತಾಯ ಸುಳ್ಳೆನ್ನುತ್ತಿಲ್ಲ. ಮೀಸೆ ಮೂಡುವ ಹೊತ್ತಿಗೆ ದೊಡ್ಡವನೆನಿಸಿಕೊಳ್ಳುವ ಆಸೆ ಎಂಥವನನ್ನೂ ಎಳೆಯುತ್ತದೆ. ಆದರೆ ಗೆಳೆಯ ಪೊಟ್ಟಣ ಚಾಚಿದಾಗ ಈ ಹುಡುಗ ಯಾಕೆ ಬೆಚ್ಚಲಿಲ್ಲ? ಆ ವಾಸನೆ ಅವನಿಗೆ ಅಜ್ಜಿಯ ಸೆರಗಿನದು.

ಮಗುವಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಏಳು ವರ್ಷದವರೆಗೆ ಜೈಲು ಹೇಳುತ್ತದೆ. ಅಂಗಡಿಯವನನ್ನು ಬೈಯುವಾಗ ಇದನ್ನು ಉದ್ಧರಿಸುತ್ತೇವೆ. ಕಾಸು ಕೊಟ್ಟು ಅಂಗಡಿಗೆ ಅಟ್ಟಿದವರು ನಾವು ಎಂಬುದನ್ನು ಮಾತ್ರ ಹೇಳುವುದಿಲ್ಲ. ನಾವು ಎಂದಾಗ ನಾನೂ ಸೇರಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಧ್ಯಾಹ್ನದ ಊಟವಾದ ಮೇಲೆ ಸಿಗರೇಟು ತರಲು ವಿದ್ಯಾರ್ಥಿಗಳನ್ನು ಕಳಿಸುತ್ತಿದ್ದೆ. ಚಿಲ್ಲರೆ ಸರಿಯಾಗಿ ತಂದುಕೊಟ್ಟವನ ಬೆನ್ನು ತಟ್ಟುತ್ತಿದ್ದೆ. ನಾನು ಸಿಗರೇಟು ಬಿಟ್ಟು ಹತ್ತು ವರ್ಷವಾಯಿತು, ಆ ಮಕ್ಕಳಲ್ಲಿ ಎಷ್ಟು ಜನರಿಗೆ ಅಂಟಿಕೊಂಡಿತೋ. ಈ ವಾರವೆಲ್ಲ ಅವರ ಮುಖಗಳೇ ಕಣ್ಣ ಮುಂದೆ ಬರುತ್ತಿವೆ.

(ಬಿಡಬೇಕೆನ್ನುವವರಿಗೆ ಉಚಿತ ಸಹಾಯವಾಣಿ ಇದೆ: 1800-11-2356.)

ಹುಡುಗನ ಬಾಯಿ ಈಗ ಎರಡು ಬೆರಳಿನಷ್ಟೇ ತೆರೆಯುತ್ತದೆ. ಸಾರಿನ ಖಾರಕ್ಕೂ ಕೆನ್ನೆಯ ಒಳಗೆ ಉರಿ. ಅಡಿಕೆ ಜಗಿದು ಜಗಿದು ಒಳಪದರ ಗಡುಸಾದರೆ ಹೀಗಾಗುತ್ತದೆ, ಅದು ಕ್ಯಾನ್ಸರಿಗೂ ತಿರುಗಬಹುದು. ಸೋಮವಾರ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇವೆ, ತಂದೆಯೂ ಬರುತ್ತಾರೆ. ಇದನ್ನು ಗೊತ್ತುಮಾಡಲು ನಿನ್ನೆ ಅವರ ಮನೆಗೆ ಹೋಗಿದ್ದೆ. ಈಗ ಅಜ್ಜಿಗೆ ಕಡ್ಡಿಪುಡಿ ಯಾರು ತಂದುಕೊಡುತ್ತಾರೆ ಎಂದು ಕೇಳಿದೆ.

ಅವರು ಬಹಳ ಹೊತ್ತು ಸುಮ್ಮನಿದ್ದು, "ಚಿಕ್ಕವಳು ಹೋಗುತ್ತಾಳೆ" ಎಂದರು.